ಮವ್ರಿದಿಸ್ ಮನೆಯ ಮೆಟ್ಟಿಲು

ಅಲೆಕ್ಸಾಂಡ್ರಿಯಾದ ಗ್ರೀಕರಿಗಾಗಿ ಹತ್ತಿ ವ್ಯಾಪಾರಿ ಮವ್ರಿದಿಸ್ ಕಟ್ಟಿಸಿದ ವೃದ್ಧಾಶ್ರಮದಲ್ಲಿ ಊಟಕ್ಕೆ ದಿನವೂ ಬೇಳೆಯ ಸೂಪು, ಒಣ ಬ್ರೆಡ್ಡು. ಮೆಟ್ಟಿಲು ಮಾತ್ರ ಇಟಲಿಯಿಂದ ಹಡಗಿನಲ್ಲಿ ಬಂದ ಬಿಳಿ ಅಮೃತಶಿಲೆಯದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವುದು ಇಂಥ ಮನೆಗಳನ್ನು ನೋಡಿಯೇ. ತಲೆಯ ಮೇಲೆ ಬಣ್ಣದ ಗಾಜಿನ ಗುಮ್ಮಟ. ಅದರ ಕೆಳಗೆ ಮೆಟ್ಟಿಲು ಎರಡು ಕವಲಾಗಿ ಇಳಿದು, ನಡುವಿನ ಜಗಲಿಯಲ್ಲಿ ಒಂದಾಗಿ, ಅಲ್ಲಿಂದ ಕೆಳಗೆ ಬೀಸಣಿಗೆಯ ಹಾಗೆ ಹರಡಿಕೊಂಡಿತ್ತು. ಆ ಕೊನೆಯ ಇಳಿಜಾರಿನಲ್ಲಿ ಹಿಡಿದುಕೊಳ್ಳಲು ಒಂದು ಕಂಬಿಯೂ ಇರಲಿಲ್ಲ. "ನನ್ನ ಮನೇಲಿ ಮುದುಕರು ರಾಜರ ಹಾಗೆ ಇಳಿದು ಬರಬೇಕು" ಅಂದಿದ್ದನಂತೆ ಪುಣ್ಯಾತ್ಮ. ಅವನು ಮುದುಕನಾಗುವ ಮುಂಚೆಯೇ ತೀರಿಕೊಂಡ, ಹಾಗಾಗಿ ಅವನ ಮಂಡಿಗಳಿಗೆ ಈ ವಿಷಯ ತಿಳಿಯಲಿಲ್ಲ.

ಮವ್ರಿದಿಸ್‌ನ ಈ ಮಾತನ್ನು ಮನೆ ನೋಡಲು ಬಂದವರಿಗೆಲ್ಲ ಹೇಳುತ್ತಿದ್ದವಳು ಕಲಿಯೋಪಿ. ಜೀವಮಾನವೆಲ್ಲ ಒಂದು ಮಿಠಾಯಿ ಅಂಗಡಿಯ ಗಲ್ಲಾದ ಹಿಂದೆ ಕೂತು ಸವೆದವಳು. ಮದುವೆಯಿಲ್ಲ, ಮಕ್ಕಳಿಲ್ಲ. ಎಪ್ಪತ್ತು ದಾಟಿದ ಮೇಲೆ ಒಂದು ಸೂಟ್‌ಕೇಸು ಹಿಡಿದು ಈ ಮನೆಗೆ ಬಂದಳು. ಬಂದ ದಿನ ಆ ಮೆಟ್ಟಿಲನ್ನು ಒಂದು ಸಲ ಹತ್ತಿ, ಇಳಿದು, ಮತ್ತೆ ಹತ್ತಿದಳು. ನೋಡಿದವರು ಮುದುಕಿಗೆ ಅರಳುಮರಳು ಅಂದುಕೊಂಡರು.

ಅದು ಅರಳುಮರಳಲ್ಲ, ಹಠ. ಕಲಿಯೋಪಿಯ ತಾಯಿ ಇದೇ ಮೆಟ್ಟಿಲನ್ನು ಮಂಡಿಯೂರಿ, ಸೋಪಿನ ನೀರು ಹಾಕಿ ತಿಕ್ಕುತ್ತಿದ್ದ ಹೆಂಗಸು. ತಿಕ್ಕಬಹುದು, ಹತ್ತಿ ಹೋಗುವಂತಿಲ್ಲ; ಕೆಲಸದವರಿಗೆ ಹಿತ್ತಲಲ್ಲಿ ಕಬ್ಬಿಣದ ಸುರುಳಿ ಮೆಟ್ಟಿಲಿತ್ತು. ತಾಯಿಯ ಜೊತೆ ಬಂದಿದ್ದ ಹುಡುಗಿ ಕಲಿಯೋಪಿ ಒಂದು ದಿನ ಸುಸ್ತಾಗಿ ಅಮೃತಶಿಲೆಯ ಮೇಲೆ ಕೂತಳು. ಆಗಿನ ಮೇಲ್ವಿಚಾರಕಿ ಬಂದು ಕೆನ್ನೆಗೆ ಒಂದು ಬಾರಿಸಿ, "ಇದು ನಿಮ್ಮಂಥೋರು ಕೂರೋ ಜಾಗ ಅಲ್ಲ" ಅಂದಳು. ತಾಯಿ ತಲೆಯೆತ್ತದೆ ತಿಕ್ಕುತ್ತಲೇ ಇದ್ದಳು. ಕಲಿಯೋಪಿ ಆ ಏಟನ್ನು ಮರೆಯಲಿಲ್ಲ. ಆದರೆ ಏಟು ತಿಂದವರೆಲ್ಲ ಮೆತ್ತಗಾಗುತ್ತಾರೆ ಅನ್ನುವುದು ಸುಳ್ಳು. ಅವಳಿಗೆ ಹೊಡೆದವಳ ಮೇಲೆ ಸಿಟ್ಟು ಬರಲಿಲ್ಲ, ಹೊಡೆಸಿದ ಮೆಟ್ಟಿಲಿನ ಮೇಲೆ ಭಕ್ತಿ ಹುಟ್ಟಿತು.

ಅವಳ ಪಕ್ಕದ ಕೋಣೆಯವಳು ಸ್ತಮಾತಾ, ಹಿಂದೆ ದರ್ಜಿಯಾಗಿದ್ದವಳು, ಬಾಯಿ ಕತ್ತರಿ. ಸೊಂಟದ ಮೂಳೆ ಸವೆದು ಅವಳಿಗೆ ಮೆಟ್ಟಿಲಿಳಿಯುವುದು ಕಷ್ಟವಾಯಿತು. ಮಲಗುವ ಕೋಣೆಗಳೆಲ್ಲ ಮೇಲೆ. ಊಟದ ಮನೆ, ಪ್ರಾರ್ಥನೆಯ ಚಾಪೆಲ್ಲು, ಕಾಫಿ ಕುಡಿದು ಕಪ್ಪಿನ ಗಸಿ ನೋಡಿ ಭವಿಷ್ಯ ಹೇಳುವ ವರಾಂಡ ಎಲ್ಲ ಕೆಳಗೆ. ಹಿತ್ತಲ ಸುರುಳಿ ಮೆಟ್ಟಿಲು ತುಕ್ಕು ತಿಂದು ಬೀಗ ಬಿದ್ದಿತ್ತು. ಕುರ್ಚಿ ಸಮೇತ ಹೊತ್ತು ಇಳಿಸುತ್ತಿದ್ದ ಕಾವಲುಗಾರ ಸೊಬ್ಹಿಗೆ ಹರ್ನಿಯಾ ಆಗಿತ್ತು. ಸ್ತಮಾತಾ ಮೆಟ್ಟಿಲಿನ ಪಕ್ಕದ ಶಿಲೆಯ ಗೋಡೆಗೊಂದು ಕಬ್ಬಿಣದ ಕಂಬಿ ಹಾಕಿಸಿಕೊಡಿ ಎಂದು ಕಾರ್ಯದರ್ಶಿ ಪಂದೆಲಿಸ್‌ನನ್ನು ಬೇಡಿಕೊಂಡಳು. ಅವನೂ ಆಗಲಿ ಅಂದ.

ಕಲಿಯೋಪಿಗೆ ಮೈಯೆಲ್ಲ ಉರಿದುಹೋಯಿತು. "ಆ ಶಿಲೆಗೆ ತೂತು ಕೊರೀತಾರಂತೆ! ನಿನ್ನ ಸೊಂಟ ಇನ್ನೆಷ್ಟು ದಿನ ಇರತ್ತೇ? ಮೆಟ್ಲು ನೂರು ವರ್ಷ ಇರತ್ತೆ" ಅಂದಳು.

"ನೂರು ವರ್ಷ ಅದರ ಮೇಲೆ ಯಾರಮ್ಮ ನಡೀತಾರೆ? ದೆವ್ವಗಳಾ?" ಅಂದಳು ಸ್ತಮಾತಾ.

"ನಡೆಯಕ್ಕೆ ಆಗೋರು ನಡೀತಾರೆ."

ಕಲಿಯೋಪಿ ಸುಮ್ಮನೆ ಬಾಯಿಮಾತಿಗೆ ನಿಲ್ಲಲಿಲ್ಲ. ಹಳೆಯ ಕಟ್ಟಡಗಳ ಚರಿತ್ರೆ ಪಾಠ ಹೇಳುವ ಮೇಷ್ಟ್ರೊಬ್ಬರನ್ನು ಹಿಡಿದಳು, ಅವರು ಸರ್ಕಾರಿ ಕಚೇರಿಯವರನ್ನು ಕರೆತಂದರು. ಬಂದವರು ಗುಮ್ಮಟ ನೋಡಿ ಬಾಯಿ ತೆರೆದರು, ಮೆಟ್ಟಿಲು ನೋಡಿ ಟೋಪಿ ತೆಗೆದರು. ಕೆಲವೇ ತಿಂಗಳಲ್ಲಿ ಮವ್ರಿದಿಸ್ ಮನೆ ರಕ್ಷಿತ ಪರಂಪರೆಯ ಕಟ್ಟಡವಾಯಿತು. ಬಾಗಿಲಿಗೆ ಹಿತ್ತಾಳೆಯ ಫಲಕ ಬಂತು. ಇನ್ನು ಒಂದು ಮೊಳೆ ಹೊಡೆಯಬೇಕಾದರೂ ಅಪ್ಪಣೆ ಬೇಕು, ಅಪ್ಪಣೆ ಯಾರೂ ಕೊಡುವುದಿಲ್ಲ. ಸ್ತಮಾತಾಳ ಕಂಬಿ ಅಲ್ಲಿಗೆ ಮುಗಿಯಿತು. ಅವಳ ಸೂಪು ತಟ್ಟೆಯಲ್ಲಿ ಮೇಲೆ ಬರತೊಡಗಿತು, ಬರುವಷ್ಟರಲ್ಲಿ ಆರಿರುತ್ತಿತ್ತು.

ಆಮೇಲೆ ಬಂದದ್ದು ಹೊಸ ವರ್ಷದ ಕೇಕು. ನಾಣ್ಯ ಹುದುಗಿಸಿ ಬೇಯಿಸಿದ ಆ ಕೇಕನ್ನು ಸಂತ ವಾಸಿಲಿಯ ದಿನವಾದ ಜನವರಿ ಒಂದರಂದು ಎಲ್ಲರೆದುರಿಗೆ ಕುಯ್ಯಬೇಕು. ಮೊದಲ ತುಂಡು ಕ್ರಿಸ್ತನಿಗೆ, ಎರಡನೆಯದು ಅವನ ಮಾತೆಗೆ, ಮೂರನೆಯದು ಮನೆಗೆ, ಆಮೇಲೆ ಹಿರಿತನದ ಮೇಲೆ ಒಬ್ಬೊಬ್ಬರ ಹೆಸರು ಕೂಗಿ ಒಂದೊಂದು. ನಾಣ್ಯ ಯಾರ ತುಂಡಿನಲ್ಲಿ ಸಿಕ್ಕಿತೋ ಆ ವರ್ಷ ಅವರದು. ಸಾಯುವ ಹೊತ್ತಿನಲ್ಲಿರುವ ಮುದುಕಿಯರು ಇದಕ್ಕಾಗಿ ಹುಡುಗಿಯರ ಹಾಗೆ ಹೊಡೆದಾಡುತ್ತಾರೆ. ಹೆಸರು ಕೂಗಲಿಲ್ಲವೆಂದರೆ ಆ ವರ್ಷ ದಾಟುವುದಿಲ್ಲ ಎಂಬ ಭಯ. ಮನೆಗೆ ಫಲಕ ತಂದವಳೆಂದು ಹೆಸರು ಕೂಗುವ ಹಕ್ಕು ಕಲಿಯೋಪಿಯದು. ಒಂದು ವರ್ಷ ಮೇಲಕ್ಕೆ ಕಳಿಸಿದ ತುಂಡಿನಲ್ಲಿ ನಾಣ್ಯ ಸಿಕ್ಕಿತೆಂದು ಸ್ತಮಾತಾ ಅಂದಾಗ ಯಾರೂ ನಂಬದೆ ದೊಡ್ಡ ರಂಪವಾಗಿತ್ತು. ಅದನ್ನೇ ನೆಪ ಮಾಡಿಕೊಂಡು ಕಲಿಯೋಪಿ ಹೊಸ ಕಟ್ಟಳೆ ಮಾಡಿದಳು: ಮೇಜಿಗೆ ಬಂದವರ ಹೆಸರಿಗೆ ಮಾತ್ರ ತುಂಡು. ಮೇಜನ್ನೂ ಮೆಟ್ಟಿಲಿನ ಬುಡಕ್ಕೆ ತರಿಸಿದಳು, ಫೋಟೋ ಚೆನ್ನಾಗಿ ಬರಲೆಂದು.

ಆ ವರ್ಷ ಸ್ತಮಾತಾ ಮೆಟ್ಟಿಲ ಮೇಲೆ ಕೂತು, ಒಂದೊಂದಾಗಿ ಜಾರುತ್ತಾ ಇಳಿದು ಬಂದಳು. ನಡುವಿನ ಜಗಲಿಗೆ ಬರುವಷ್ಟರಲ್ಲಿ ಏದುಸಿರು. ಕೆಳಗೆ ಅತಿಥಿಗಳು, ಕ್ಯಾಮೆರಾ. ಕಲಿಯೋಪಿ ಓಡಿ ಹತ್ತಿ ಬಂದು, ನಗುಮುಖದಲ್ಲೇ ಹಲ್ಲು ಕಚ್ಚಿ, "ಐದು ನಿಮಿಷ ಇಲ್ಲೇ ಇರು. ಫೋಟೋಗೆ ಅಡ್ಡ ಬರ್ತೀಯ" ಅಂದಳು. ಐದು ನಿಮಿಷದಲ್ಲಿ ಕೇಕು ಮುಗಿಯಿತು. ಸ್ತಮಾತಾಳನ್ನು ಇಬ್ಬರು ಹೆಂಗಸರು ಕಂಕುಳಿಗೆ ಕೈಹಾಕಿ ಮೇಲಕ್ಕೆ ಎಳೆದುಕೊಂಡು ಹೋದರು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಬೇಸಿಗೆಯಲ್ಲಿ ಕಲಿಯೋಪಿ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಳು. ಆಸ್ಪತ್ರೆಯವರು ಕಂಬಿ ಕೂರಿಸಿ ಹೊಲಿದು, ಸ್ಟ್ರೆಚರ್ ಮೇಲೆ ಹೊತ್ತು ತಂದು ಮೇಲಿನ ಕೋಣೆಯಲ್ಲಿ ಇಳಿಸಿ ಹೋದರು. ಇನ್ನು ವಾಕರ್ ಹಿಡಿದು ಕೋಣೆಯಿಂದ ಮೆಟ್ಟಿಲಿನ ತಲೆಯವರೆಗೆ, ಅಲ್ಲಿಂದ ಕೋಣೆಗೆ.

"ಅಂತೂ ಕಂಬಿ ಹಾಕಿಸಿಬಿಟ್ಟೆಯಲ್ಲೇ! ಗೋಡೆಗಲ್ಲ, ತೊಡೆಗೆ" ಅಂದಳು ಸ್ತಮಾತಾ, ತನ್ನ ಬಾಗಿಲಲ್ಲಿ ಕುರ್ಚಿ ಹಾಕಿ ಕೂತು. ಆ ಬೇಸಿಗೆಯೆಲ್ಲ ಅವಳಿಗೆ ಇದೇ ಹಬ್ಬ. ಕೆಳಗೆ ಪ್ರವಾಸಿಗಳು ಮೆಟ್ಟಿಲು ನೋಡಲು ಬಂದು ಚಪ್ಪಾಳೆ ತಟ್ಟಿದಾಗೆಲ್ಲ, "ಹೋಗೇ, ಕೈಮುಗಿದು ಬಾ, ನಿನಗೇ ಹೊಡೀತಿರೋದು" ಅನ್ನುವಳು.

ಕಲಿಯೋಪಿ ಪಂದೆಲಿಸ್‌ನನ್ನು ಕರೆಸಿದಳು. "ಒಂದು ಸಣ್ಣ ಕಂಬಿ, ಅಪ್ಪಾ. ಮರದ್ದೇ ಇರಲಿ. ಕಾಣದ ಹಾಗೆ."

"ಮದಾಂ, ನಿಮಗೆ ಗೊತ್ತಿಲ್ದೇ ಇರೋದಾ? ಮುಟ್ಟಿದ್ರೆ ನನ್ನನ್ನ ಒಳಗೆ ಹಾಕ್ತಾರೆ. ನೀವೇ ಅಲ್ವಾ ಮಾಡಿಸಿದ್ದು?" ಅವನ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ನಿಜವಾದ ಗೌರವವಿತ್ತು. ಅದೇ ಅವಳಿಗೆ ಹೆಚ್ಚು ಚುಚ್ಚಿತು.

ಹೊಸ ವರ್ಷದ ಬೆಳಿಗ್ಗೆ ಕಲಿಯೋಪಿ ಕಪ್ಪು ರೇಷ್ಮೆಯುಟ್ಟು, ತಾಯಿಯ ಬ್ರೋಚು ಸಿಕ್ಕಿಸಿಕೊಂಡು ಮೆಟ್ಟಿಲಿನ ತಲೆಗೆ ಬಂದಳು. ಏನಾದರಾಗಲಿ, ತನ್ನ ಹೆಸರನ್ನು ಕೂಗಿಸಿಕೊಳ್ಳಬೇಕು. ಕೂಗದಿದ್ದರೆ ಈ ವರ್ಷ ದಾಟುವುದಿಲ್ಲವೆಂದು ಅವಳಿಗೂ ಭಯ ಹತ್ತಿತ್ತು. ಸ್ತಮಾತಾ ಅಲ್ಲೇ ಇದ್ದಳು.

"ಹೆಂಗೆ ಇಳೀತೀಯ?"

"ನೀನು ಹೆಂಗೆ ಇಳಿದೆ?"

"ಅಂಡು ಊರಿ. ರಾಜರ ಹಾಗೆ."

ಕಲಿಯೋಪಿ ಕೂತಳು. ಶಿಲೆ ಬಟ್ಟೆಯೊಳಗಿಂದ ತಣ್ಣಗೆ ಚುಚ್ಚಿತು. ಒಂದು ಮೆಟ್ಟಿಲಿಗೊಂದು ನೋವು, ಸೊಂಟದಿಂದ ನೆತ್ತಿಯವರೆಗೆ. ಒಂದು ಚಪ್ಪಲಿ ಕಳಚಿ ಉರುಳಿ, ಅವಳಿಗಿಂತ ಮುಂಚೆ ಅತಿಥಿಗಳ ಕಾಲ ಬಳಿ ತಲುಪಿತು. ಕೆಳಗೆ ಅವಳ ಬದಲು ಪಂದೆಲಿಸ್ ಕೂಗುತ್ತಿದ್ದ: "ಕ್ರಿಸ್ತನಿಗೆ... ಮಾತೆಗೆ... ಮನೆಗೆ..." ಅವಳು ಜಗಲಿ ಮುಟ್ಟುವ ಹೊತ್ತಿಗೆ ಅವನು ಚಪ್ಪಲಿ ಹಿಡಿದು ಓಡಿ ಬಂದ.

"ಮದಾಂ, ಒಂದೈದು ನಿಮಿಷ ಇಲ್ಲೇ ಇರಿ. ಫೋಟೋಗೆ ಅಡ್ಡ ಬರ್ತೀರಿ."

ಕಲಿಯೋಪಿ ಅವನ ಕೋಟಿನ ತೋಳು ಹಿಡಿದಳು. "ಬಂದಿದ್ದೀನಲ್ಲಪ್ಪಾ. ನನ್ನ ಹೆಸರು ಕೂಗು."

"ಮೇಜಿಗೆ ಬನ್ನಿ, ಕೂಗ್ತೀನಿ. ಕಟ್ಟಳೆ ಅಂದ್ರೆ ಕಟ್ಟಳೆ ಅಲ್ವಾ, ನೀವೇ ಹೇಳ್ತಿದ್ರಿ" ಎಂದು ತೋಳು ಬಿಡಿಸಿಕೊಂಡು ಇಳಿದುಹೋದ. ಕೆಳಗಿನ ಬೀಸಣಿಗೆ ಅವಳ ಮುಂದೆ ಹರಡಿತ್ತು. ಕಾಲು ಅಲುಗಲಿಲ್ಲ. ಒಂದೊಂದೇ ಹೆಸರು ಕೇಳಿಸಿತು. ತನಗಿಂತ ಕಿರಿಯರು, ಹೋದ ವಾರ ಸೇರಿದವರು. ಆಮೇಲೆ ತಟ್ಟೆಗಳ ಸದ್ದು, ಚಪ್ಪಾಳೆ.

"ನಾಣ್ಯ ಯಾರಿಗೇ ಸಿಕ್ತು?" ಮೇಲಿಂದ ಸ್ತಮಾತಾ ಕೂಗಿದಳು.

"ಮನೆಗೆ" ಅಂದಳು ಕಲಿಯೋಪಿ.

ಸ್ತಮಾತಾ ನಗಲು ಶುರು ಮಾಡಿದಳು. ಕೆಮ್ಮು ಬರುವವರೆಗೂ ನಕ್ಕಳು, ಆಮೇಲೆ ಬಾಗಿಲು ಹಾಕಿಕೊಂಡಳು.

ಅತಿಥಿಗಳು ಹೋದರು. ಪಂದೆಲಿಸ್ ಅವರನ್ನು ಕಾರಿಗೆ ಹತ್ತಿಸಲು ಹೋದವನು ಹಿಂತಿರುಗಲಿಲ್ಲ. ಕಲಿಯೋಪಿ ಜಗಲಿಯ ಮೇಲೇ ಇದ್ದಳು, ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಗುಮ್ಮಟದ ಗಾಜಿನ ಕೆಂಪು ಅವಳ ಮಡಿಲಿಗೆ ಬಿದ್ದಿತ್ತು. ಕೆಲಸದ ಹೆಂಗಸು ಸಬಾಹ್ ಬಕೆಟ್ಟು ಹಿಡಿದು ಬಂದಳು. ಮೆಟ್ಟಿಲ ಮೇಲೆ ಕೇಕಿನ ಪುಡಿ, ಸಕ್ಕರೆ, ಬೂಟಿನ ಗುರುತು. ಅವಳು ಮಂಡಿಯೂರಿ, ಸೋಪಿನ ನೀರು ಚೆಲ್ಲಿ, ಕೆಳಗಿನಿಂದ ತಿಕ್ಕುತ್ತಾ ಬಂದು ಕಲಿಯೋಪಿಯ ಪಾದದ ಹತ್ತಿರ ತಲೆಯೆತ್ತಿದಳು.

"ಮದಾಂ, ಇಲ್ಲಿ ಕೂರಬೇಡಿ. ಕಲೆ ಉಳಿದ್ರೆ ನನ್ನ ಬೈತಾರೆ. ಸ್ವಲ್ಪ ಸರ್ಕೊಳ್ಳಿ."

ಕಲಿಯೋಪಿ ಒದ್ದೆ ಶಿಲೆಯ ಮೇಲೆ ಎರಡೂ ಅಂಗೈ ಊರಿ ಪಕ್ಕಕ್ಕೆ ಸರಿದಳು. ಹಿಡಿದುಕೊಳ್ಳಲು ಅಲ್ಲಿ ಏನೂ ಇರಲಿಲ್ಲ.