ಬಂದೂಕಿನ ಬಾಯಿ ಅಗಲಿಸಿದವನು

ಮುನಿರಾಜ, ನಿನ್ನ ಕಣ್ಣು ಕೆಟ್ಟಿರಲಿಲ್ಲ, ಕೈಯೂ ಕೆಟ್ಟಿರಲಿಲ್ಲ. ಕೆಡಿಸಿದವನು ನಾನು — ನಿನ್ನ ಒಡಹುಟ್ಟಿದ ಅಣ್ಣ. ಐವತ್ತು ವರ್ಷಕ್ಕೂ ಮಿಕ್ಕಿ ಇದನ್ನು ನುಂಗಿಕೊಂಡೇ ಬದುಕಿದ್ದೇನೆ.

ಬೇಟೆಗೆ ಇನ್ನೂ ಕಾನೂನಿನ ತಡೆ ಬಂದಿರದ ಕಾಲ. ಅಪ್ಪನ ಆ ಒಂಟಿ ನಳಿಗೆಯ ಬಂದೂಕು ಹಳೆಯದು, ಫುಲ್ ಚೋಕ್ — ನಳಿಗೆಯ ತುದಿ ಒಳಗೇ ಕಿರಿದಾಗಿತ್ತು. ಚರೆಗುಂಡುಗಳು ಚದುರದೆ ಒಂದೇ ಮುಷ್ಟಿಯಾಗಿ ದೂರ ಹೋಗುತ್ತಿದ್ದವು. ಅಬ್ಬಿಗೆರೆ ಕೆರೆಯ ಮೇಲೆ ಎತ್ತರದಲ್ಲಿ ಹಾರುವ ಬಾತುಗಳಿಗೆ ಅದೇ ಆಗಬೇಕು; ಆದರೆ ಗುರಿ ಕೂದಲೆಳೆಯಷ್ಟು ತಪ್ಪಿದರೂ ಕೆಟ್ಟಿತು. ನನಗದು ಎಂದೂ ಒಲಿಯಲಿಲ್ಲ. ಪೊದೆಯಿಂದ ಎದ್ದ ಗೌಜಲಕ್ಕಿಗೆ ಹೊಡೆದರೆ ಒಂದೋ ತಪ್ಪುತ್ತಿತ್ತು, ಇಲ್ಲವೇ ಹಕ್ಕಿ ಚಿಂದಿಯಾಗುತ್ತಿತ್ತು. ನಿನಗೋ, ಹದಿನೆಂಟಕ್ಕೇ ಹೊಡೆದದ್ದೆಲ್ಲ ಬೀಳುತ್ತಿತ್ತು. ಅಪ್ಪ ಜಗಲಿಯಲ್ಲಿ ಕೂತು ಬಂದವರಿಗೆಲ್ಲ ಹೇಳುತ್ತಿದ್ದ: "ಬಂದೂಕ ಇಡಿಯೋಕೇ ಉಟ್ಟಿರೋನು ನಮ್ ಸಣ್ಣೋನು. ದೊಡ್ಡೋನ್ ಕೈಗೆ ದೊಣ್ಣೆ ಕೊಟ್ರೆ ಸಾಕು." ಅವರೆಲ್ಲ ನಗುತ್ತಿದ್ದರು. ನೀನು ನಗುತ್ತಿರಲಿಲ್ಲ — ಅದೇ ನನಗೆ ಇನ್ನೂ ಸಹಿಸಲಾಗದ್ದು.

ನಾನಾಗ ಯಶವಂತಪುರದ ವರ್ಕ್‌ಶಾಪೊಂದರಲ್ಲಿ ಲೇತ್ ಯಂತ್ರದ ಕೆಲಸಕ್ಕಿದ್ದೆ. ನೀನು ಅತ್ತೆಯ ಊರಿಗೆ ಹೋಗಿದ್ದ ವಾರ ನಳಿಗೆ ಬಿಚ್ಚಿ, ಗೋಣಿಯಲ್ಲಿ ಸುತ್ತಿ ಒಯ್ದೆ. ಉಳಿದವರು ಊಟಕ್ಕೆ ಹೋದಾಗ ಆ ಕಿರಿದಾದ ಬಾಯನ್ನು ಒಳಗಿನಿಂದ ಕೊರೆದು ಅಗಲ ಮಾಡಿದೆ. ಹೊರಗಿಂದ ನೋಡಿದರೆ ಏನೂ ತಿಳಿಯದು. ಅಂದು ಸಂಜೆಯೇ ತಂದು ಮೊದಲಿದ್ದಂತೆ ಜೋಡಿಸಿಟ್ಟೆ.

ಆಮೇಲೆ ನಿನ್ನ ಬಾತುಗಳು ಬೀಳಲಿಲ್ಲ. ಅಷ್ಟು ದೂರಕ್ಕೆ ಚರೆ ಚದುರಿಹೋಗುತ್ತಿತ್ತು, ಹಕ್ಕಿಗಳು ಹಾರಿಯೇ ಹೋಗುತ್ತಿದ್ದವು. ಅದೇ ಬಂದೂಕು ಹತ್ತಿರದ ಗೌಜಲಕ್ಕಿಗೆ, ಮೊಲಕ್ಕೆ ಹೇಳಿ ಮಾಡಿಸಿದಂತಾಯಿತು. ನಾನು ಬರಿಗೈಯಲ್ಲಿ ಬರುವುದೇ ನಿಂತಿತು. ಅಪ್ಪ ಬಂದೂಕನ್ನು ನನ್ನ ಕೈಗೆ ಕೊಟ್ಟ. ಮಿಲಿಟರಿ ಸೇರಬೇಕೆಂದಿದ್ದ ನೀನು ಹಿತ್ತಲಲ್ಲಿ ನಿಂತು ಹೇಳಿದೆ: "ನನ್ ಕಣ್ಣೇ ಓಯ್ತು ಕಣಣ್ಣ. ಮಿಲಿಟ್ರಿ ಸೆಲೆಕ್ಷನ್‌ಗೆ ಇನ್ನೇನ್ ಮಕ ಇಟ್ಕೊಂಡು ಓಗ್ಲಿ?"

ಆಗ ನಾನು ನಿಜದ ಒಂದು ಮಾತು ಹೇಳಿದ್ದರೆ — ಒಂದೇ ಮಾತು ಸಾಕಿತ್ತು.

"ಓಗ್ಬೇಡ ಬಿಡು," ಅಂದೆ ನಾನು.

ನೀನು ಹೋಗಲಿಲ್ಲ. ರಟ್ಟಿನ ಡಬ್ಬದ ಫ್ಯಾಕ್ಟರಿಯೊಂದರಲ್ಲೇ ಆಯುಷ್ಯ ಸವೆಸಿದೆ.

ಹೋದ ತಿಂಗಳು ನಾನು ಆ ಬಂದೂಕು ಮಾರಲು ಅಂಗಡಿಗೆ ಹೊರಟಾಗ ನೀನೇ ಜೊತೆಗೆ ಬಂದೆ. ಅಲ್ಲಿ ನೀನದನ್ನು ಎತ್ತಿ ಭುಜಕ್ಕಿಟ್ಟೆ — ಎಪ್ಪತ್ತು ದಾಟಿದ ಮೈಗೂ ಅದು ಹೇಗೆ ಕೂತಿತು! ನನ್ನ ಹೊಟ್ಟೆ ಮತ್ತೆ ಉರಿಯಿತು, ಅದನ್ನೂ ಮುಚ್ಚಿಡಲಾರೆ. ಅಂಗಡಿಯವನು ನಳಿಗೆಯ ಬಾಯಿ ಅಳೆದು, "ಫುಲ್ ಚೋಕ್ ಅಂತ ಗುರುತಿದೆ ಸಾರ್, ಆದ್ರೆ ಯಾರೋ ಒಳಗಡೆ ಕೊರೆದ್ಬಿಟ್ಟಿದ್ದಾರೆ," ಅಂದ. ನೀನು ನನ್ನ ಮುಖ ನೋಡಿದೆ.

"ಅಪ್ಪ ಮಾಡ್ಸಿರ್ಬೇಕು," ಅಂದುಬಿಟ್ಟೆ ನಾನು. ಸತ್ತವನ ತಲೆಗೆ ಕಟ್ಟಿದೆ.

ವಾಪಸು ಬರುವಾಗ, ಚಿಕ್ಕಬಾಣಾವರದಲ್ಲಿ ಬಸ್ಸಿನಿಂದ ಇಳಿಯುತ್ತ ನೀನು ಕೇಳಿದೆ: "ಅಂಗಾರೆ ನನ್ ಕಣ್ಣು ಸರಿಯಾಗೇ ಇತ್ತೇನಣ್ಣ?" ನಾನು ಕಿಟಕಿಯಾಚೆ ನೋಡುತ್ತ ಕೂತೆ. ಬಸ್ಸು ಹೊರಟಿತು.

ಈ ಭಾನುವಾರ ನಿನ್ನ ಮನೆಗೆ ಬರುತ್ತೇನೆ. ಈ ಕಾಗದ ಕೊಟ್ಟು ತಿರುಗಿ ಹೋಗಲು ಅಲ್ಲ — ನಿನ್ನ ಹೆಂಡತಿ, ಮಕ್ಕಳು ಎಲ್ಲರೂ ಕೇಳುವಂತೆ ಬಾಯಿಬಿಟ್ಟು ಹೇಳಲು. ನೀನು ಒಳಗೆ ಕರೆಯದಿದ್ದರೆ ಬಾಗಿಲಲ್ಲೇ ನಿಂತು ಹೇಳುತ್ತೇನೆ.