ಮೂಳೆ ಬೇಯಿಸುವ ಕೆಲಸ

ಕ್ಯಾಂಟೀನ್ ಮುಚ್ಚಿದ ಮೇಲೆ ಅಡುಗೆಯಕ್ಕನಿಗೆ ಅದೇ ಕಟ್ಟಡದ ಮಹಡಿಯ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಅಲ್ಲಿನ ಮೇಡಂ ಕೇಳಿದ್ದು ಒಂದೇ ಮಾತು: "ಬೇಯಿಸೋಕೆ ಬರುತ್ತಲ್ಲ?"

ಬೇಯಿಸಬೇಕಾದದ್ದು ಏನೆಂದು ಮೊದಲ ಚೀಲ ಬಿಚ್ಚಿದಾಗಲೇ ಗೊತ್ತಾದದ್ದು. ಸತ್ತ ಬಾತು, ಪಾರಿವಾಳ, ಕಾಗೆ. ಪುಕ್ಕ ಕಿತ್ತು, ಗಂಟೆಗಟ್ಟಲೆ ಕುದಿಸಿ, ಮಾಂಸ ಕಳಚಿ, ಮೂಳೆಗಂಟಿದ ಜಿಡ್ಡನ್ನು ಕೆರೆದು ತೆಗೆಯಬೇಕು. ಕೆಲವು ಹಕ್ಕಿಗಳಲ್ಲಿ ಆಗಲೇ ಹುಳು ಮಿಜಿಗುಡುತ್ತಿತ್ತು.

"ಥೂ! ಇದೆಲ್ಲ ಯಾಕಮ್ಮಾ?" ಮೂಗು ಮುಚ್ಚಿಕೊಂಡೇ ಕೇಳಿದಳು.

ಮೇಡಂ ಒಂದು ರೆಕ್ಕೆಯ ಮೂಳೆಯನ್ನು ಸೀಳಿ ತೋರಿಸಿದರು. ಒಳಗೆಲ್ಲ ಟೊಳ್ಳು; ನಡುನಡುವೆ ಎಳೆಯಂಥ ಆಸರೆಗಳು. "ಹಗುರ, ಆದ್ರೂ ಸುಲಭಕ್ಕೆ ಮುರಿಯಲ್ಲ. ನಾವು ಜೇಡಿಮಣ್ಣಲ್ಲಿ ಹೀಗೇ ಮಾಡ್ಬೇಕು. ಮಣ್ಣು ಕಲಸಿದ ನೀರು ಹೆಪ್ಪುಗಟ್ಟುವಾಗ ಐಸು ಕವಲೊಡೆದು ಬೆಳೆಯುತ್ತೆ. ಆ ಐಸನ್ನ ಕರಗಿಸದೆ ಹಾಗೇ ಆವಿಯಾಗಿಸಿ ತೆಗೆದ್ರೆ ಅದಿದ್ದ ಜಾಗವೆಲ್ಲ ತೂತು. ಆಮೇಲೆ ಸುಡೋದು."

ಅವಳ ಅಂಗೈ ಮೇಲೆ ಹಾಗೆ ಸುಟ್ಟ ಮಣ್ಣಿನ ಒಂದು ಬಿಲ್ಲೆ ಇಟ್ಟರು. ರಸ್ಕಿನಷ್ಟು ಹಗುರ. ಚೆನ್ನಾಗಿಯೇ ಇತ್ತು. ಆದರೆ ಪಾತ್ರೆ ಕುದಿಯತೊಡಗಿದಾಗ ಆ ಚೆಂದವೆಲ್ಲ ಮರೆತು ಸೆರಗನ್ನು ಮೂಗಿಗೆ ಬಿಗಿದುಕಟ್ಟಿದಳು.

ಮನೆಯಲ್ಲಿ ಮಗಳು ಹಿಟ್ಟಿನ ಬೋಗುಣಿ ಕಸಿದುಕೊಂಡಳು. "ಅಮ್ಮಾ, ನೀನು ಕಲಸ್ಬೇಡ. ನಿನ್ನ ಕೈಯೇ ನಾರುತ್ತೆ." ಗಂಡ ಊಟದ ಹೊತ್ತಿಗೆ ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆದುಕೊಂಡ. ಸೋಪು, ನಿಂಬೆಹಣ್ಣು ಎಲ್ಲ ಆಯಿತು. ಉಗುರುಸಂದಿಯ ನಾತ ಜಪ್ಪಯ್ಯ ಅಂದರೂ ಹೋಗಲಿಲ್ಲ. ತಾನು ಮಾಡಿದ ಅಡುಗೆಯನ್ನು ತಾನೇ ತಟ್ಟೆಯಲ್ಲಿ ಬಿಡತೊಡಗಿದಳು.

ಒಂದು ದಿನ ಪ್ರಯೋಗಾಲಯ ನೋಡಲು ದೊಡ್ಡವರು ಬಂದರು. ಬಿಲ್ಲೆಗಳನ್ನು ಕೈಯಲ್ಲೇ ತೂಗಿ ನೋಡುತ್ತ ಭೇಷ್ ಎನ್ನುತ್ತಿದ್ದಾಗ ಜವಾನ ಟ್ರೇಯಲ್ಲಿ ಚಹಾ ತಂದ. ಅಡುಗೆಯಕ್ಕನ ಕಣ್ಣು ಒಲೆಯ ಕಡೆ ಹೋಯಿತು. ಅಲ್ಲಿ ಅವಳ ಮೂಳೆಯ ಪಾತ್ರೆ. ಅಂಚಿಗೆ ಹಾಲಿನ ಕೆನೆ.

"ಯಾವುದ್ರಲ್ಲಿ ಕಾಯಿಸಿದ್ಯೋ ಪುಣ್ಯಾತ್ಮ?"

"ಅಲ್ಲಿತ್ತಲ್ಲಕ್ಕಾ, ಅದ್ರಲ್ಲೇ. ನೀನೇ ತೊಳೆದಿಟ್ಟಿದ್ದೆ."

ಅಷ್ಟರಲ್ಲಿ ಬಂದವರಲ್ಲಿ ಹಿರಿಯರೊಬ್ಬರು ಒಂದು ಗುಟುಕು ಹೀರಿ, "ಚಹಾ ಗಟ್ಟಿಯಾಗಿದೆ, ಭಾಳ ಚೆನ್ನಾಗಿದೆ" ಎಂದುಬಿಟ್ಟರು. ಅವರ ಲೋಟದಲ್ಲಿ ಜಿಡ್ಡಿನ ಸಣ್ಣ ಹನಿಗಳು ತೇಲುತ್ತಿದ್ದವು.

ಅವಳು ಟ್ರೇಯನ್ನೇ ತಳ್ಳಿ ಕೆಡವಿದಳು. "ಕುಡೀಬೇಡಿ! ಅದು ಹೆಣ ಬೇಯಿಸೋ ಪಾತ್ರೆ!" ಎಂದವಳೇ ಬಚ್ಚಲಿಗೆ ಓಡಿ ಕಾರಿಕೊಂಡಳು. ಹಿಂದೆಯೇ ಆ ಹಿರಿಯರೂ ಓಡಿಬಂದರು.

ಎಲ್ಲರೂ ಹೋದ ಮೇಲೆ ಮೇಡಂ ಸಿಡುಕಿದರು. "ಮೆತ್ತಗೆ ನನ್ನ ಕಿವೀಲಿ ಹೇಳ್ಬಾರ್ದಿತ್ತಾ? ಒಂದು ಲೋಟ ಕುಡಿದಿದ್ರೆ ಪ್ರಾಣ ಹೋಗ್ತಿತ್ತಾ?"

"ಹಾಗಾದ್ರೆ ನೀವೂ ಒಂದು ಲೋಟ ಕುಡೀರಮ್ಮ. ಪಾತ್ರೇಲಿ ಇನ್ನೂ ಉಳಿದಿದೆ."

ಮೇಡಂ ಉಳಿದ ಚಹಾವನ್ನು ತಾವೇ ಬಚ್ಚಲಿಗೆ ಸುರಿದುಬಂದರು. ಇನ್ನು ಮೂಳೆ ಮುಟ್ಟುವುದಿಲ್ಲವೆಂದು ಅಡುಗೆಯಕ್ಕ ಖಡಾಖಂಡಿತವಾಗಿ ಹೇಳಿದಳು. ಈಗ ಅವಳು ಜೇಡಿ ಕಲಸಿ ಅಚ್ಚಿಗೆ ಸುರಿದು ಹೆಪ್ಪುಗಟ್ಟಿಸುವ ಕೋಣೆಯಲ್ಲಿದ್ದಾಳೆ. ಬೆರಳು ಮರಗಟ್ಟುತ್ತವೆ, ಆದರೆ ನಾತವಿಲ್ಲ. ಹಕ್ಕಿ ಬೇಯಿಸುವುದು ಜವಾನನ ಪಾಲಿಗೆ ಬಿದ್ದಿದೆ. ಮಧ್ಯಾಹ್ನ ಅವನು ಪಕ್ಕದಲ್ಲಿ ಬಂದು ಕೂತರೆ ಅವಳು ಊಟದ ಡಬ್ಬಿ ಮುಚ್ಚಿಕೊಂಡು ಎದ್ದುಹೋಗುತ್ತಾಳೆ.