ಡೂಕೆಯ ಅರ್ಧ ರಸ್ಕ್

ಹಾರ್ಲಿಂಗನ್ ಬಂದರಿನ ಹಿಂದಿನ ಬೀದಿಯ ಅಲೀದಾಗೆ ಅರವತ್ತೆಂಟು, ಅವಳ ಬೂದು ಗಿಳಿ ಡೂಕೆಗೆ ಹತ್ತೊಂಬತ್ತು. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಅವಳ ಹೆಸರು ಹಿಡಿದು ಕರೆಯುವ ದನಿ ಅದೊಂದೇ. ಹತ್ತು ಗಂಟೆಯ ಕಾಫಿಗೆ ಒಂದೇ ರಸ್ಕ್ ತೆಗೆದು ಡಬ್ಬಿ ಮುಚ್ಚುವುದು ಆ ಕಡೆಯ ರೂಢಿ. ಆ ಒಂದರಲ್ಲೂ ಅರ್ಧ ಡೂಕೆಗೆ. ಬೇರೆಯವರು ಕೊಟ್ಟದ್ದನ್ನು ಅದು ಮೂಸಿಯೂ ನೋಡುತ್ತಿರಲಿಲ್ಲ. ಅಲೀದಾಗೆ ಅದೇ ಒಂದು ಕೋಡು.

ಮಗಳು ಮಾರಿಟ್ ಕೆಲಸಕ್ಕೆ ಸೇರಿ, ಬುಧವಾರಗಳಂದು ಮೂರು ವರ್ಷದ ಫೆನ್ನಾಳನ್ನು ಅಜ್ಜಿಯ ಬಳಿ ಬಿಡತೊಡಗಿದಳು. ಅಲೀದಾ ಪಂಜರವನ್ನು ಎತ್ತರದ ಮೇಜಿಗೇರಿಸಿದಳು, ಬಾಗಿಲಿಗೆ ಕೊಕ್ಕೆ ಹಾಕಿದಳು, ನೆಲಕ್ಕೆ ಕೆಂಪು ಪಟ್ಟಿ ಅಂಟಿಸಿ ಮಗು ಅದನ್ನು ದಾಟಬಾರದೆಂದಳು. ಮಗು ದಾಟಲಿಲ್ಲ. ಡೂಕೆಯೇ ತನ್ನ ಅರ್ಧ ರಸ್ಕನ್ನು ಕಚ್ಚಿಕೊಂಡು ಮಗುವಿದ್ದ ಕಡೆಗೆ ಬಂದು, ಸರಳುಗಳ ಸಂದಿಯಿಂದ ಕೆಳಗೆ ಹಾಕಿತು.

"ಅಜ್ಜಿ, ನಂಗೆ ಕೊಡ್ತು."

ಅಲೀದಾಳ ಹೊಟ್ಟೆ ಉರಿದುಹೋಯಿತು. ಮುಂದಿನ ಬುಧವಾರ, ತಾನೇ ಪಂಜರದಿಂದ ತೆಗೆದು ಭುಜದ ಮೇಲೆ ಕೂರಿಸಿಕೊಂಡಿದ್ದ ಡೂಕೆ ಮಗುವಿನತ್ತ ಹೊರಟಾಗ ಅದನ್ನು ಮುಷ್ಟಿಯಲ್ಲಿ ಹಿಡಿದು ಎಳೆದಳು. ಅದು ಹೆಬ್ಬೆರಳನ್ನು ರಕ್ತ ಬರುವಂತೆ ಕಚ್ಚಿತು. ಸಂಜೆ ಮಗಳಿಗೆ ಬ್ಯಾಂಡೇಜ್ ತೋರಿಸಿ, ಇವತ್ತು ನನ್ನ ಬೆರಳು, ನಾಳೆ ಮಗುವಿನದು ಎಂದಳು. ಮಗು ಇನ್ನು ಬೇರೆ ಕೋಣೆಯಲ್ಲಿ ಆಡಲಿ ಎಂಬುದಷ್ಟೇ ಅವಳ ಲೆಕ್ಕಾಚಾರ. ಮಾರಿಟ್ ಬೇರೆಯೇ ತೀರ್ಮಾನ ಮಾಡಿದಳು.

"ಹಾಗಾದ್ರೆ ಗಿಳೀನ ಯಾರಿಗಾದ್ರೂ ಕೊಟ್ಬಿಡು ಅಮ್ಮ. ಅಲ್ಲೀವರ್ಗೂ ಮಗೂನ ಇಲ್ಲಿ ಬಿಡಲ್ಲ."

ಎರಡು ಬುಧವಾರ ಮಗು ಬರಲಿಲ್ಲ. ಡೂಕೆ ರಸ್ಕ್ ಮುಟ್ಟದೆ ಬಾಗಿಲನ್ನೇ ನೋಡುತ್ತ ಕೂತಿತ್ತು. ತನಗಾಗಿ ಅದು ಯಾವತ್ತಾದರೂ ಹೀಗೆ ಕೂತಿತ್ತೇ ಎಂದು ಅಲೀದಾ ಕರುಬಿದಳು. ಕೊಟ್ಟುಬಿಟ್ಟರೆ ಪೀಡೆ ತೊಲಗುತ್ತದೆ ಎಂದೂ ಅನ್ನಿಸಿತು. ಕೊನೆಗೆ ಮಗಳಿಗೆ ಫೋನ್ ಮಾಡಿದಳು.

"ಅದು ಸುಮ್‌ಸುಮ್ನೆ ಕಚ್ಚಲಿಲ್ಲ ಕಣೇ. ಮಗೂ ಹತ್ರ ಹೋಗ್ತಿತ್ತು, ನಾನೇ ಹಿಡ್ದು ಎಳ್ದೆ. ನಂಗೆ ತಡ್ಕೊಳಕ್ಕೆ ಆಗ್ಲಿಲ್ಲ."

"ಮೂರು ವರ್ಷದ ಮಗೂ ಮೇಲೆ ಹೊಟ್ಟೆಕಿಚ್ಚಾ ಅಮ್ಮ?"

"ಹೂಂ."

ಬುಧವಾರ ಮಾರಿಟ್ ರಜೆ ಹಾಕಿ ತಾನೂ ಬಂದು ಕೂತಳು. ಗಿಳಿ ಪಂಜರದೊಳಗೇ ಇರಬೇಕು, ಬೆರಳು ಒಳಗೆ ಹೋಗಬಾರದು, ಪಕ್ಕದಲ್ಲಿ ದೊಡ್ಡವರು ಇರಲೇಬೇಕು ಎಂದಾಯಿತು. ಅಮ್ಮನ ಕಂಕುಳಲ್ಲಿದ್ದ ಫೆನ್ನಾ ತನ್ನ ರಸ್ಕಿನ ಚೂರನ್ನು ಉದ್ದನೆಯ ಮರದ ಚಮಚದಲ್ಲಿ ಚಾಚಿದಳು. ಡೂಕೆ ಮೆಲ್ಲಗೆ ತೆಗೆದುಕೊಂಡು ಕತ್ತು ಬಗ್ಗಿಸಿತು. ಹತ್ತೊಂಬತ್ತು ವರ್ಷ ಬೆಳಗಾದರೆ ಅಲೀದಾ ಅದಕ್ಕೆ ಹೇಳುತ್ತಿದ್ದ ಮಾತನ್ನು, ಅಲೀದಾಳದೇ ದನಿಯಲ್ಲಿ, ಮಗುವಿಗೆ ಹೇಳಿತು.

"ನನ್ನ ಬಂಗಾರ ಯಾರು?"

"ನಾನು," ಎಂದಳು ಫೆನ್ನಾ.

ಡೂಕೆಗೆಂದು ಮುರಿದಿದ್ದ ಅರ್ಧ ರಸ್ಕ್ ಅಲೀದಾಳ ಕೈಯಲ್ಲೇ ಇತ್ತು. ಅದನ್ನೂ ಕಾಫಿಯಲ್ಲಿ ಅದ್ದಿ ತಾನೇ ತಿಂದಳು.